ಮಳೆಗೆ ಮೂಕಿ, ಅಡಕೆ ಸುಲಿಗೆಗೆ ಮಾತು: ಮಲೆನಾಡಿನ ಮನೆಗೆ ಸಿನಿಮಾ ಆರಿಸುವ ಬಗೆ

ಪುಷ್ಯ ಮಳೆ ತಗಡಿನ ಶೀಟಿನ ಮೇಲೆ ಬಡಿಯುವಾಗ ಟಿ.ವಿ. ವಾಲ್ಯೂಮ್ ಎಷ್ಟೇ ಏರಿಸಿ, ‘ಲಾರ್ಡ್ ಆಫ್ ದಿ ರಿಂಗ್ಸ್’ನ ಗ್ಯಾಂಡಾಲ್ಫ್ ಫ್ರೋಡೋಗೆ ಏನು ಹೇಳಿದ ಎಂಬುದು ಕೇಳುವುದಿಲ್ಲ. ಅದೇ ಹೊತ್ತಿಗೆ ಬಸ್ಟರ್ ಕೀಟನ್‌ನ ಮೂಕಿ ಚಿತ್ರ ಹಾಕಿದರೆ ಮಳೆಯಿಂದ ಎಳ್ಳಷ್ಟೂ ನಷ್ಟವಿಲ್ಲ. ನವೆಂಬರ್ ಬಂತೆಂದರೆ ಲೆಕ್ಕ ಉಲ್ಟಾ. ಅಡಕೆ ಸುಲಿಯಲು ಕೂತವರ ಕಣ್ಣು ಮೆಟ್ಟುಗತ್ತಿಯ ಮೇಲಿರಬೇಕು, ಬಿಡುವಿರುವುದು ಕಿವಿಗೆ ಮಾತ್ರ. ಆಗ ಕೀಟನ್‌ನನ್ನು ನೋಡಲು ಹೋದರೆ ಬೆರಳಿಗೇ ಸಂಚಕಾರ.

ಫ್ಯಾಂಟಸಿ ಸರಣಿಯೋ ಮೂಕಿ ಚಿತ್ರವೋ ಎಂಬ ಪ್ರಶ್ನೆಗೆ ‘ಜಗತ್ತಿನ ನೂರು ಶ್ರೇಷ್ಠ ಚಿತ್ರಗಳು’ ಬಗೆಯ ಪಟ್ಟಿಗಳು ಉತ್ತರ ಕೊಡುವುದಿಲ್ಲ. ಶ್ರೇಷ್ಠತೆ ಒಂದು ಮಾತು, ಇವತ್ತು ಸಂಜೆ ನಮ್ಮ ಜಗಲಿಯಲ್ಲಿ ಓಡುತ್ತದೆಯೋ ಇಲ್ಲವೋ ಎಂಬುದು ಇನ್ನೊಂದು ಮಾತು. ಮೊದಲು ಕೇಳಿಕೊಳ್ಳಬೇಕಾದದ್ದು: ಕಣ್ಣು ಬಿಡುವಾಗಿದೆಯೋ, ಕಿವಿಯೋ, ಎರಡೂ ಹೌದೋ? ಕರೆಂಟು ಹೋದರೆ ಎಷ್ಟು ಹೊತ್ತು ತಡೆಯುತ್ತದೆ? ಜೊತೆಗೆ ಕೂರುವವರು ಯಾರು? ಈ ಮೂರಕ್ಕೆ ಉತ್ತರ ಸಿಕ್ಕರೆ ಆಯ್ಕೆ ಅರ್ಧ ಮುಗಿದಂತೆ.

ಗಂಟೆ, ಬ್ಯಾಟರಿ, ಡೇಟಾ

ಫ್ಯಾಂಟಸಿ ಸರಣಿ ಎಂದರೆ ಮೊದಲನೆಯದಾಗಿ ಸಮಯದ ಸಾಲ. ‘ಲಾರ್ಡ್ ಆಫ್ ದಿ ರಿಂಗ್ಸ್’ನ ಮೂರು ಭಾಗಗಳು (2001, 2002, 2003) ಥಿಯೇಟರಿನಲ್ಲಿ ಬಂದ ರೂಪದಲ್ಲಿ 178, 179, 201 ನಿಮಿಷ. ಒಟ್ಟು ಒಂಬತ್ತು ಗಂಟೆ ಹದಿನೆಂಟು ನಿಮಿಷ. ವಿಸ್ತೃತ ಆವೃತ್ತಿಯಾದರೆ ಹನ್ನೊಂದು ಗಂಟೆಯ ಮೇಲೆ. ಹ್ಯಾರಿ ಪಾಟರ್‌ನ ಎಂಟು ಚಿತ್ರ (2001ರಿಂದ 2011) ಸೇರಿದರೆ ಸುಮಾರು 19 ಗಂಟೆ 40 ನಿಮಿಷ. ಇತ್ತ ಕೀಟನ್‌ನ ‘ಷರ್ಲಾಕ್ ಜೂನಿಯರ್’ (1924) 45 ನಿಮಿಷ, ಹೆರಾಲ್ಡ್ ಲಾಯ್ಡ್‌ನ ‘ಸೇಫ್ಟಿ ಲಾಸ್ಟ್’ (1923) 73 ನಿಮಿಷ, ಚಾಪ್ಲಿನ್‌ನ ‘ಸಿಟಿ ಲೈಟ್ಸ್’ (1931) 87 ನಿಮಿಷ. ರಾತ್ರಿ ಊಟಕ್ಕೆ ಮುಂಚೆ ಒಂದು ಮುಗಿಯುತ್ತದೆ.

ಗಾಳಿ ಮಳೆಗೆ ಮರ ಬಿದ್ದು ತಂತಿ ಹರಿದರೆ ಕರೆಂಟು ಯಾವಾಗ ಬರುತ್ತದೆ ಎಂದು ಲೈನ್‌ಮನ್‌ಗೂ ಗೊತ್ತಿರುವುದಿಲ್ಲ. ಮನೆಯಲ್ಲಿ 12 ವೋಲ್ಟಿನ 150 ಎಎಚ್ ಬ್ಯಾಟರಿಯ ಇನ್ವರ್ಟರ್ ಇದೆಯೆನ್ನಿ. ಕಾಗದದ ಮೇಲೆ ಅದು 1800 ವ್ಯಾಟ್-ಅವರ್. ಪೂರ್ತಿ ಬಸಿದರೆ ಬ್ಯಾಟರಿಯ ಆಯುಷ್ಯ ಕಡಿಮೆಯಾಗುತ್ತದೆ, ಇನ್ವರ್ಟರ್ ಕೂಡ ತನ್ನ ಪಾಲು ತಿನ್ನುತ್ತದೆ. ಹಾಗಾಗಿ 900ರ ಆಸುಪಾಸು ಮಾತ್ರ ನಮ್ಮದು ಎಂದುಕೊಳ್ಳುವುದು ಒಳ್ಳೆಯದು. 43 ಇಂಚಿನ ಎಲ್‌ಇಡಿ ಟಿ.ವಿ., ರೌಟರ್, ಸಣ್ಣ ಸ್ಪೀಕರ್, ಒಂದು ಬಲ್ಬು ಸೇರಿ 125 ವ್ಯಾಟ್ ಎಂದರೆ ಏಳು ಗಂಟೆ ಬರುತ್ತದೆ. ಲ್ಯಾಂಪ್ ಇರುವ ಪ್ರೊಜೆಕ್ಟರ್ 300 ವ್ಯಾಟ್ ಎಳೆಯುವುದಾದರೆ ಮೂರೇ ಗಂಟೆ. ‘ರಿಟರ್ನ್ ಆಫ್ ದಿ ಕಿಂಗ್’ನ ವಿಸ್ತೃತ ಆವೃತ್ತಿ ನಾಲ್ಕು ಗಂಟೆಯ ಮೇಲೆ ಓಡುತ್ತದೆ. ಯುದ್ಧ ಕಾವೇರುವ ಹೊತ್ತಿಗೇ ಪರದೆ ಕತ್ತಲಾದೀತು. ನಾಲ್ಕೈದು ವರ್ಷ ಹಳೆಯ ಬ್ಯಾಟರಿಯಾದರೆ ಈ ಅಂಕಿಗಳನ್ನು ಅರ್ಧ ಮಾಡಿಕೊಳ್ಳಿ.

ಡೇಟಾದ ಲೆಕ್ಕವೂ ಇದೇ ದಾರಿ. ಎಚ್‌ಡಿ ಚಿತ್ರ ಗಂಟೆಗೆ ಸುಮಾರು 3 ಜಿಬಿ ಎಳೆಯುತ್ತದೆ, ಕಡಿಮೆ ಗುಣಮಟ್ಟದಲ್ಲಿ 1 ಜಿಬಿ. ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕಿನಲ್ಲಿ ಮಧ್ಯಭೂಮಿಯನ್ನು (‘ಲಾರ್ಡ್ ಆಫ್ ದಿ ರಿಂಗ್ಸ್’ನ ಲೋಕ) ಎಚ್‌ಡಿಯಲ್ಲಿ ನೋಡುತ್ತೇನೆಂದರೆ ಮುಕ್ಕಾಲು ಗಂಟೆಗೇ ಪ್ಯಾಕ್ ಖಾಲಿ. ಕೇಬಲ್ಲಿನವರ ಫೈಬರ್ ಇದ್ದರೂ ಊರಿನ ಕರೆಂಟು ಹೋದ ಮೇಲೆ ಎಷ್ಟೋ ಕಡೆ ಸಿಗ್ನಲ್ಲೂ ಅದರ ಹಿಂದೆಯೇ ಹೋಗುತ್ತದೆ. ಆರಿದ್ರಾ ಮಳೆ ಹಿಡಿಯುವ ಮುಂಚೆಯೇ ಬೇಕಾದವನ್ನು ಆ್ಯಪಿನೊಳಗೆ ಡೌನ್‌ಲೋಡ್ ಮಾಡಿಡುವುದು ಜಾಣತನ. ಡೌನ್‌ಲೋಡ್‌ಗಳಿಗೆ ವಾಯಿದೆ ಇರುತ್ತದೆ ಎಂಬುದು ಮಾತ್ರ ನೆನಪಿರಲಿ. ಪೂರ್ತಿ ನೋಡದ ಚಿತ್ರ ಕೆಲವು ವಾರಗಳ ಮೇಲೆ ತಾನಾಗಿ ಬೀಗ ಹಾಕಿಕೊಳ್ಳಬಹುದು.

ಸರಣಿಗಳಲ್ಲಿ ಯಾವುದು, ಎಲ್ಲಿಂದ

ಇಂಗ್ಲಿಷಿನ ಮೂರು ದೊಡ್ಡ ಸರಣಿಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು. ಒಂದೊಂದರ ಬೇಡಿಕೆ ಒಂದೊಂದು ಥರ.

‘ಲಾರ್ಡ್ ಆಫ್ ದಿ ರಿಂಗ್ಸ್’ ಒಂದೇ ಕಥೆಯ ಮೂರು ತುಂಡು. ಎರಡನೆಯದನ್ನು ಬಿಡಿಯಾಗಿ ನೋಡಿದರೆ ತಲೆಬುಡ ತಿಳಿಯದು. ಒಂದಕ್ಕೂ ಮತ್ತೊಂದಕ್ಕೂ ನಡುವೆ ತಿಂಗಳು ಬಿಟ್ಟರೆ ಹೆಸರುಗಳೆಲ್ಲ ಮರೆತುಹೋಗುತ್ತವೆ. ಒಂದೇ ವಾರದ ಮೂರು ರಾತ್ರಿ ಮೀಸಲಿಡಲು ಆಗುವುದಾದರೆ ಮಾತ್ರ ಹಿಡಿಯಿರಿ. ಮೊದಲ ಸಲಕ್ಕೆ ವಿಸ್ತೃತ ಆವೃತ್ತಿ ಬೇಡ. ಅಭಿಮಾನಿಗಳು ಇದನ್ನು ಒಪ್ಪುವುದಿಲ್ಲ. ಆದರೆ ಸೇರಿಸಿದ ದೃಶ್ಯಗಳ ಸೊಗಸು ಇರುವುದು ಆ ಲೋಕ ಆಗಲೇ ಪರಿಚಯವಿದ್ದವರಿಗೆ, ಹೊಸಬರಿಗೆ ಅವು ದಾರಿಯ ಉಬ್ಬುಗಳು. ಒಂದು ವಿನಾಯಿತಿ ಇದೆ: ಬಿಳಿ ಗಡ್ಡದ ಮಂತ್ರವಾದಿ ಸಾರುಮಾನ್ ಕೊನೆಗೆ ಏನಾದ ಎಂಬುದು ಮೂರನೆಯ ಭಾಗದ ಥಿಯೇಟರ್ ರೂಪದಲ್ಲಿ ಇಲ್ಲವೇ ಇಲ್ಲ, ವಿಸ್ತೃತದಲ್ಲಿ ಇದೆ. ಅದು ಕಾಡಿದರೆ ಆ ದೃಶ್ಯವೊಂದನ್ನೇ ಆಮೇಲೆ ಹುಡುಕಿ ನೋಡಬಹುದು. ‘ಹಾಬಿಟ್’ನ ಮೂರು ಚಿತ್ರ ಆಮೇಲೂ ಕಾಯಬಲ್ಲವು. ಒಂದು ಸಣ್ಣ ಪುಸ್ತಕವನ್ನು ಎಳೆದೆಳೆದು ಮೂರು ಮಾಡಿದ್ದರ ಗುರುತು ಅವುಗಳ ಮೇಲೆ ಚೆನ್ನಾಗಿಯೇ ಇದೆ.

ಹ್ಯಾರಿ ಪಾಟರ್ ದಸರಾ ರಜೆಗೆ ಹೇಳಿ ಮಾಡಿಸಿದ್ದು. ದಿನಕ್ಕೊಂದರಂತೆ ಎಂಟು ದಿನ, ಒಂದೇ ಕಥೆಯ ಎರಡು ತುಂಡಾದ ಕೊನೆಯೆರಡನ್ನು ಬಿಟ್ಟರೆ ಒಂದೊಂದಕ್ಕೂ ತನ್ನದೇ ಆದ ಆರಂಭ, ಮುಕ್ತಾಯ ಇರುವುದರಿಂದ ನಡುವೆ ಒಂದು ದಿನ ನೆಂಟರು ಬಂದರೂ ತೊಂದರೆಯಿಲ್ಲ. ಕ್ರಿಸ್ ಕೊಲಂಬಸ್ ನಿರ್ದೇಶಿಸಿದ ಮೊದಲೆರಡು ಏಳೆಂಟು ವರ್ಷದವರಿಗೆ ಹಿಡಿಸುತ್ತವೆ, ದೊಡ್ಡವರಿಗೆ ಸ್ವಲ್ಪ ಉದ್ದ. ಅಲ್ಫಾನ್ಸೊ ಕ್ವಾರೋನ್‌ನ ಮೂರನೆಯದು (2004) ಸರಣಿಯಲ್ಲೇ ಸಿನಿಮಾ ಎಂಬ ಲೆಕ್ಕದಲ್ಲಿ ಮೇಲು. ಹವೆ, ಮಂಜು, ಮರ ಎಲ್ಲವೂ ಪಾತ್ರಗಳೇ. ನಾಲ್ಕನೆಯದರಿಂದ ಸಾವು ಬರತೊಡಗುತ್ತದೆ, ಮಕ್ಕಳನ್ನು ಒಂಟಿಯಾಗಿ ಕೂರಿಸಬೇಡಿ. ಆರನೆಯದರಿಂದ ಚಿತ್ರವೇ ಕತ್ತಲು. ಹಗಲು ಹೊತ್ತು ಕಿಟಕಿ ತೆರೆದಿಟ್ಟು ನೋಡಿದರೆ ಪರದೆಯ ಮೇಲೆ ನಿಮ್ಮದೇ ಮುಖ ಕಾಣುತ್ತದೆ.

‘ಸ್ಟಾರ್ ವಾರ್ಸ್’ನಲ್ಲಿ ಕ್ರಮವೇ ಪೇಚು. ಸಂಖ್ಯೆ ಒಂದರಿಂದ ಶುರುಮಾಡಿದರೆ 1999ರ ಚಿತ್ರ ಮೊದಲು ಬರುತ್ತದೆ, ಅದು ದುರ್ಬಲ ಬಾಗಿಲು. ಅದಕ್ಕಿಂತ ದೊಡ್ಡ ಕಾರಣ, 1980ರ ಚಿತ್ರ ಬಚ್ಚಿಟ್ಟುಕೊಂಡಿರುವ ಗುಟ್ಟು ಮೊದಲೇ ರಟ್ಟಾಗಿಬಿಡುತ್ತದೆ. 1977, 1980, 1983 ಎಂಬ ಬಿಡುಗಡೆಯ ಕ್ರಮದಲ್ಲಿ ಮೂರು ನೋಡಿ ನಿಲ್ಲಿಸಿದರೂ ಕಥೆ ಪೂರ್ಣವೇ. ಈಗ ಸಿಗುವ ಪ್ರತಿಗಳಲ್ಲಿ 1997ರಿಂದ ಈಚೆಗೆ ಸೇರಿಸಿದ ಕಂಪ್ಯೂಟರ್ ಚಿತ್ರಿಕೆಗಳಿವೆ. 1977ರ ಚಿತ್ರದ ನಡುವೆ ಯಾವುದೋ ಪ್ರಾಣಿ ಪ್ಲಾಸ್ಟಿಕ್‌ನಂತೆ ಹೊಳೆದರೆ ಕಾರಣ ಅದು.

ನಮ್ಮ ‘ಕಾಂತಾರ’ಕ್ಕೂ ಇದೇ ನ್ಯಾಯ. 2025ರಲ್ಲಿ ಬಂದದ್ದು ಹಿಂದಿನ ಕಾಲದ ಕಥೆ ಎಂದು ಅದನ್ನು ಮೊದಲು ಹಾಕಬೇಡಿ. 2022ರದ್ದು ನೋಡಿದವರಿಗೇ ಅದರ ಅರ್ಧ ಸೂಚನೆಗಳು ದಕ್ಕುವುದು.

ಸರಣಿಯೇ ಬೇಡ, ಆದರೆ ಮಾಯಾಲೋಕ ಬೇಕು ಎನ್ನುವವರಿಗೆ ಜಪಾನಿನ ‘ಮೈ ನೇಬರ್ ಟೊಟೊರೊ’ (1988) ಇದೆ, 86 ನಿಮಿಷ. ಮಳೆಯಲ್ಲಿ ಬಸ್ಸಿಗೆ ಕಾಯುತ್ತ ಕೊಡೆ ಹಿಡಿದು ನಿಂತ ಇಬ್ಬರು ಹೆಣ್ಣುಮಕ್ಕಳ ದೃಶ್ಯವನ್ನು ಹೊಸನಗರದ ಕಡೆಯ ಯಾವ ಮಗುವಿಗೂ ವಿವರಿಸಿ ಹೇಳಬೇಕಿಲ್ಲ.

ಮೂಕಿಯಲ್ಲಿ ಚಿತ್ರಕ್ಕಿಂತ ಮೊದಲು ಪ್ರತಿಯನ್ನು ಆರಿಸಿ

‘ಮೂಕಿ ಬೇಜಾರು’ ಎನ್ನುವವರಲ್ಲಿ ಬಹಳ ಮಂದಿ ನೋಡಿರುವುದು ಸಿನಿಮಾದ ಹೆಣವನ್ನು. ನಾಲ್ಕು ಸಲ ನಕಲು ಮಾಡಿದ, ಮುಖಗಳು ಸುಣ್ಣದಂತೆ ಬಿಳಿಚಿಕೊಂಡ, ಎಲ್ಲರೂ ಇರುವೆಗಳಂತೆ ಓಡಾಡುವ ಪ್ರತಿ ಅದು. ಹಾಗೆ ಓಡಾಡುವುದಕ್ಕೆ ಕಾರಣವಿದೆ. ಆಗ ಕ್ಯಾಮೆರಾವನ್ನು ಕೈಯಲ್ಲಿ ತಿರುವುತ್ತಿದ್ದರು. ಸೆಕೆಂಡಿಗೆ 16 ಚೌಕಟ್ಟಿನಿಂದ (ಫ್ರೇಮ್) ಹಿಡಿದು 24ರವರೆಗೂ ವೇಗ ಬದಲಾಗುತ್ತಿತ್ತು. ಶಬ್ದ ಬಂದ ಮೇಲೆ 24 ಎಂದು ನಿಂತಿತು. 16ರಲ್ಲಿ ತೆಗೆದದ್ದನ್ನು 24ರಲ್ಲಿ ಓಡಿಸಿದರೆ ಎಲ್ಲವೂ ಒಂದೂವರೆ ಪಟ್ಟು ವೇಗ, ಒಂದೂವರೆ ಗಂಟೆಯ ಚಿತ್ರ ಒಂದೇ ಗಂಟೆಗೆ ಮುಗಿಯುತ್ತದೆ. 35 ಎಂ.ಎಂ. ಫಿಲ್ಮಿನ ಸಾವಿರ ಅಡಿಯ ರೀಲು 16ರ ವೇಗದಲ್ಲಿ 16 ನಿಮಿಷ 40 ಸೆಕೆಂಡು, 24ರಲ್ಲಿ 11 ನಿಮಿಷ ಚಿಲ್ಲರೆ. ಒಂದೇ ಮೂಕಿಗೆ ಬೇರೆ ಬೇರೆ ಕಡೆ ಬೇರೆ ಬೇರೆ ಅವಧಿ ಬರೆದಿರುವುದಕ್ಕೆ ಇದೊಂದು ಮುಖ್ಯ ಕಾರಣ. ಕಾರ್ಲ್ ಡ್ರೇಯರ್‌ನ ‘ದಿ ಪ್ಯಾಶನ್ ಆಫ್ ಜೋನ್ ಆಫ್ ಆರ್ಕ್’ (1928) 24ರಲ್ಲಿ 81 ನಿಮಿಷ, 20ರಲ್ಲಿ 97. ಎರಡರಲ್ಲೂ ಒಂದು ದೃಶ್ಯವೂ ಹೆಚ್ಚುಕಡಿಮೆಯಿಲ್ಲ.

ಮತ್ತೊಂದು ಮೋಸ ಬಣ್ಣದ್ದು. ಎಲ್ಲ ಮೂಕಿಯೂ ಕಪ್ಪು ಬಿಳುಪು ಎಂದುಕೊಂಡು ನೀಲಿ ಛಾಯೆಯ ಪ್ರತಿ ಕಂಡರೆ ‘ಟಿ.ವಿ. ಕೆಟ್ಟಿದೆ’ ಎನ್ನುವವರಿದ್ದಾರೆ. ಆ ಕಾಲದಲ್ಲಿ ಫಿಲ್ಮನ್ನೇ ಬಣ್ಣದ ದ್ರಾವಣದಲ್ಲಿ ಅದ್ದುತ್ತಿದ್ದರು: ರಾತ್ರಿಗೆ ನೀಲಿ, ದೀಪದ ಕೋಣೆಗೆ ಹಳದಿ. ಮುರ್ನೌನ ‘ನೊಸ್ಫೆರಾಟು’ (1922) ನೋಡುವಾಗ ಇದು ಜೀವನ್ಮರಣದ ಪ್ರಶ್ನೆ. ಹಗಲಲ್ಲೇ ತೆಗೆದ ದೃಶ್ಯಗಳನ್ನು ನೀಲಿಯಲ್ಲಿ ಅದ್ದಿ ರಾತ್ರಿ ಮಾಡಿದ್ದರು. ಛಾಯೆ ಇಲ್ಲದ ಪುಕ್ಕಟೆ ಪ್ರತಿಯಲ್ಲಿ, ಬಿಸಿಲು ತಾಗಿದರೆ ಸಾಯಬೇಕಾದ ರಕ್ತಪಿಪಾಸು ಹಾಡಹಗಲೇ ಶವಪೆಟ್ಟಿಗೆ ಹೊತ್ತು ಬೀದಿಯಲ್ಲಿ ನಡೆಯುತ್ತಾನೆ. ಭಯದ ಜಾಗದಲ್ಲಿ ನಗು ಬರುತ್ತದೆ.

‘ಮೆಟ್ರೊಪೊಲಿಸ್’ (1927) ಆರಿಸುವಾಗ ಇನ್ನೂ ಎಚ್ಚರ ಬೇಕು. ಬರ್ಲಿನ್‌ನಲ್ಲಿ ಮೊದಲು ತೋರಿಸಿದಾಗ ಇದು ಎರಡೂವರೆ ಗಂಟೆಯ ಚಿತ್ರ. ಆಮೇಲೆ ವಿತರಕರು ಕತ್ತರಿಸುತ್ತ ಹೋದರು. 1984ರಲ್ಲಿ ಬಣ್ಣ, ಪಾಪ್ ಹಾಡು ಸೇರಿಸಿ ಒಂದು ಗಂಟೆ ಇಪ್ಪತ್ತು ನಿಮಿಷದ ಆಸುಪಾಸಿಗೆ ಇಳಿಸಿದ ರೂಪವೊಂದು ಬಂತು, ಕುತೂಹಲಕ್ಕೆ ಸರಿ, ಮೊದಲ ಸಲಕ್ಕೆ ಅಲ್ಲ. 2008ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ 16 ಎಂ.ಎಂ. ಪ್ರತಿಯೊಂದು ಸಿಕ್ಕಿ, ಕಳೆದುಹೋಗಿದ್ದ ಬಹುಪಾಲು ದೃಶ್ಯಗಳು ಮರಳಿದವು. ಅದನ್ನು ಸೇರಿಸಿದ 2010ರ ಸುಮಾರು 148 ನಿಮಿಷದ ರೂಪವೇ ಬೇಕು. ನೋಡುತ್ತಿರುವಾಗ ಇದ್ದಕ್ಕಿದ್ದಂತೆ ಚಿತ್ರ ಕುಗ್ಗಿ ಗೀರುಗೀರಾದರೆ ನೆಟ್‌ವರ್ಕನ್ನು ಬೈಯಬೇಡಿ. ಅರ್ಜೆಂಟೀನಾದ ಸವೆದ ಪ್ರತಿಯಿಂದ ತಂದು ಹೊಲಿದ ಜಾಗಗಳು ಅವು.

ಚಾಪ್ಲಿನ್‌ನ ‘ದಿ ಗೋಲ್ಡ್ ರಷ್’ ಕೂಡ ಎರಡಿದೆ. 1925ರದ್ದು ಅಪ್ಪಟ ಮೂಕಿ. 1942ರಲ್ಲಿ ಅವನೇ ಕತ್ತರಿಸಿ, ಮಾತನ್ನು ಬರೆದು ತೋರಿಸುವ ಶೀರ್ಷಿಕೆ ಫಲಕಗಳನ್ನು ತೆಗೆದು, ತನ್ನದೇ ದನಿಯಲ್ಲಿ ನಿರೂಪಣೆ ಹಾಕಿ 72 ನಿಮಿಷಕ್ಕೆ ಇಳಿಸಿದ. ಸೋನೆ ಮಳೆಯಿದ್ದರೆ ಯಾವುದಾದರೂ ಸರಿ, ಜಡಿಮಳೆಗೆ 1925ರದ್ದೇ. ‘ಸಿಟಿ ಲೈಟ್ಸ್’, ‘ಮಾಡರ್ನ್ ಟೈಮ್ಸ್’ (1936) ಬಂದದ್ದು ಟಾಕಿ ಶುರುವಾದ ಮೇಲೆ. ಅವುಗಳ ಸಂಗೀತ ಚಾಪ್ಲಿನ್ ಕೂರಿಸಿದ್ದು, ಹಾಸ್ಯದ ಒಂದು ಪಾಲು ಶಬ್ದದಲ್ಲೇ ಇದೆ. ಮ್ಯೂಟ್ ಮಾಡಿ ನಿಮ್ಮ ಇಷ್ಟದ ಸಂಗೀತ ಹಾಕುವ ಪ್ರಯೋಗಕ್ಕೆ ಇವು ಒಗ್ಗುವುದಿಲ್ಲ.

ಭಾರತದಲ್ಲಿ ಸಿನಿಮಾದ ಹಕ್ಕು ಬಿಡುಗಡೆಯಾದ 60 ವರ್ಷಕ್ಕೆ ಮುಗಿಯುತ್ತದೆ, ಹಾಗಾಗಿ ಮೂಕಿಗಳೆಲ್ಲ ಈಗ ಸಾರ್ವಜನಿಕರದ್ದು. ಕೆಟ್ಟ ಪ್ರತಿಗಳು ಇಷ್ಟು ಹರಡಿರುವುದಕ್ಕೂ ಅದೇ ಕಾರಣ, ಯಾರು ಬೇಕಾದರೂ ಏರಿಸಬಹುದು. ಹೊಸದಾಗಿ ಮಾಡಿದ ಸಂಗೀತಕ್ಕೆ ಮಾತ್ರ ಬೇರೆ ಹಕ್ಕಿರುತ್ತದೆ. ಊರಿನ ಶಾಲೆಯಲ್ಲೋ ಸಂಘದಲ್ಲೋ ಸಾರ್ವಜನಿಕವಾಗಿ ತೋರಿಸುವವರು ಅದನ್ನು ವಿಚಾರಿಸಿಕೊಳ್ಳಬೇಕು. ಒಳ್ಳೆಯ ಪ್ರತಿ ಗುರುತಿಸುವ ಸುಲಭ ಉಪಾಯ ಇಷ್ಟೇ. ಆರಂಭದಲ್ಲಿ ಯಾವ ಸಂಗ್ರಹಾಲಯ ಯಾವ ವರ್ಷ ಸಂಸ್ಕರಿಸಿತು (ಹಳೆಯ ಫಿಲ್ಮನ್ನು ಸರಿಪಡಿಸಿತು), ಸಂಗೀತ ಯಾರದು ಎಂಬ ಫಲಕ ಇದ್ದರೆ ಮುಂದುವರಿಯಿರಿ. ಯಾವ ಫಲಕವೂ ಇಲ್ಲದೆ ಚಿತ್ರಕ್ಕೆ ಸಂಬಂಧವಿಲ್ಲದ ಪಿಯಾನೊ ಒಂದೇ ಸಮ ಕುಟ್ಟುತ್ತಿದ್ದರೆ ಬೇರೆ ಪ್ರತಿ ಹುಡುಕಿ. ಸಂಸ್ಕರಣೆಯಿಂದ ಏನಾಗುತ್ತದೆ ಎಂಬುದಕ್ಕೆ ನಮ್ಮ ಜಿಲ್ಲೆಯದ್ದೇ ಉದಾಹರಣೆಯಿದೆ: ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಸಂಸ್ಕರಣೆಗೊಂಡು 2024ರಲ್ಲಿ ವೆನಿಸ್ ಉತ್ಸವದಲ್ಲಿ ಪರದೆಗೆ ಮರಳಿತು. ಅದು ಮೂಕಿಯಲ್ಲ, ಆದರೆ ಪ್ರತಿಯ ಕಥೆ ಒಂದೇ.

ಮೊದಲ ಮೂಕಿಯಾಗಿ ಏನನ್ನು ಹಾಕಬಾರದು ಎಂಬುದು ಏನನ್ನು ಹಾಕಬೇಕು ಎಂಬುದಕ್ಕಿಂತ ಮುಖ್ಯ. ಶ್ರೇಷ್ಠ ಎಂದು ಕೇಳಿ ‘ಜೋನ್ ಆಫ್ ಆರ್ಕ್’ನಿಂದಲೋ, ಮೂರು ಗಂಟೆಯ ‘ಇನ್‌ಟಾಲರೆನ್ಸ್’ನಿಂದಲೋ ಶುರುಮಾಡಿದವರು ಎರಡನೆಯದಕ್ಕೆ ಬರುವುದಿಲ್ಲ. ‘ಷರ್ಲಾಕ್ ಜೂನಿಯರ್’ ಹಾಕಿ. ಸಿನಿಮಾ ಓಡಿಸುವ ಆಪರೇಟರ್ ನಿದ್ದೆಗೆ ಜಾರಿ ತನ್ನದೇ ಪರದೆಯೊಳಗೆ ನುಗ್ಗುತ್ತಾನೆ, ಹಿನ್ನೆಲೆ ಬದಲಾದಂತೆಲ್ಲ ಮುಗ್ಗರಿಸುತ್ತಾನೆ. ನೀರಿನ ಟ್ಯಾಂಕಿನ ದೃಶ್ಯದಲ್ಲಿ ಕೀಟನ್‌ನ ಕತ್ತಿನ ಮೂಳೆ ಮುರಿದಿತ್ತು, ಅದು ಅವನಿಗೇ ತಿಳಿದದ್ದು ವರ್ಷಗಳ ಮೇಲೆ. ಆಮೇಲೆ ‘ಸೇಫ್ಟಿ ಲಾಸ್ಟ್’, ಆಮೇಲೆ ‘ಸಿಟಿ ಲೈಟ್ಸ್’. ಮೂರೂ ಹಿಡಿಸಿದರೆ ಮುರ್ನೌನ ‘ಸನ್‌ರೈಸ್’ (1927). ಡ್ರೇಯರ್ ಅಲ್ಲಿಂದ ಮುಂದೆ.

‘ಪುಷ್ಪಕ ವಿಮಾನ’ (1987) ಮೂಕಿಯಲ್ಲವೇ ಎಂದು ಕೇಳುವವರಿಗೆ ಉತ್ತರ: ಅಲ್ಲ. ಅದರಲ್ಲಿ ಮಾತಿಲ್ಲ, ಶಬ್ದವಿದೆ, ಶಬ್ದದಿಂದಲೇ ಹುಟ್ಟುವ ಹಾಸ್ಯವಿದೆ. ಮೂಕಿಯ ಕಡೆಗೆ ಮನೆಯವರನ್ನು ಒಲಿಸಲು ಮಾತ್ರ ಅದಕ್ಕಿಂತ ಒಳ್ಳೆಯ ಮೆಟ್ಟಿಲು ಕನ್ನಡಿಗರಿಗೆ ಇನ್ನೊಂದಿಲ್ಲ.

ನಿಮಗೆ ಅದು ಇಷ್ಟವಾದರೆ ಇದು

ಫ್ಯಾಂಟಸಿ ಮತ್ತು ಮೂಕಿ ಎದುರುಬದುರು ಬಣಗಳೆಂಬ ಭಾವನೆ ಅಷ್ಟು ಸರಿಯಲ್ಲ. ಫ್ಯಾಂಟಸಿ ಹುಟ್ಟಿದ್ದೇ ಮೂಕಿಯಲ್ಲಿ. ಜಾರ್ಜ್ ಮೆಲಿಯೆಸ್ 1902ರಲ್ಲೇ ಚಂದ್ರನ ಕಣ್ಣಿಗೆ ರಾಕೆಟ್ ಚುಚ್ಚಿದ್ದ. ಆದ್ದರಿಂದ ಸರಣಿಗಳ ರುಚಿ ಹತ್ತಿದವರಿಗೆ ಚಾಪ್ಲಿನ್‌ಗಿಂತ ಹತ್ತಿರದ ದಾರಿಗಳಿವೆ.

ಮಧ್ಯಭೂಮಿ ಇಷ್ಟವಾದವರಿಗೆ ಫ್ರಿಟ್ಜ್ ಲಾಂಗ್‌ನ ‘ನಿಬೆಲುಂಗೆನ್’ (1924), ಎರಡು ಭಾಗ, ಸೇರಿ ನಾಲ್ಕೂವರೆ ಗಂಟೆ ದಾಟುತ್ತದೆ. ಕಾಡು, ಕುಬ್ಜರ ನಿಧಿ, ಒಳಗೆ ಆಳುಗಳು ಕೂತು ಆಡಿಸುತ್ತಿದ್ದ ದೈತ್ಯ ಸರ್ಪ. ವೀರ ಸೀಗ್‌ಫ್ರೀಡ್ ಸರ್ಪದ ರಕ್ತದಲ್ಲಿ ಮಿಂದು ವಜ್ರಕಾಯನಾಗುತ್ತಾನೆ. ಆದರೆ ಮೀಯುವಾಗ ಬೆನ್ನಿನ ಮೇಲೆ ಎಲೆಯೊಂದು ಬಿದ್ದು ಅಷ್ಟು ಜಾಗ ಹಾಗೇ ಉಳಿದುಬಿಡುತ್ತದೆ. ಗದಾಯುದ್ಧ ಪ್ರಸಂಗ ನೋಡಿ ಬೆಳೆದವರಿಗೆ ಕೌರವನ ತೊಡೆ ತಕ್ಷಣ ನೆನಪಾಗುತ್ತದೆ, ಮುಂದೇನಾಗುತ್ತದೆ ಎಂಬುದೂ. ಎರಡನೆಯ ಭಾಗ ಪೂರ್ತಿ ಹೆಂಡತಿಯ ಸೇಡು. ದ್ರೌಪದಿಯ ಮುಡಿಯ ಶಪಥ ಬಲ್ಲವರಿಗೆ ಅದೂ ಹೊಸದಲ್ಲ. ಎರಡನ್ನೂ ಒಂದೇ ರಾತ್ರಿ ಹಾಕಬೇಡಿ, ನಡಿಗೆ ನಿಧಾನ.

ಹ್ಯಾರಿ ಪಾಟರ್‌ನ ಮಕ್ಕಳಿಗೆ ಲೋಟ್ಟೆ ರೈನಿಗರ್‌ಳ ‘ಪ್ರಿನ್ಸ್ ಅಹ್ಮದ್’ (1926), ಅರವತ್ತೈದು ನಿಮಿಷದ ಆಸುಪಾಸು. ಈಗ ಉಳಿದಿರುವ ಪೂರ್ಣಾವಧಿ ಆ್ಯನಿಮೇಷನ್‌ಗಳಲ್ಲಿ ಇದೇ ಅತ್ಯಂತ ಹಳೆಯದು. ರಟ್ಟು, ತೆಳು ಸೀಸದ ತಗಡಿನಲ್ಲಿ ಕತ್ತರಿಸಿದ ನೆರಳುಗೊಂಬೆಗಳನ್ನು ಕೆಳಗಿನಿಂದ ಬೆಳಕು ಕೊಟ್ಟ ಗಾಜಿನ ಮೇಲಿಟ್ಟು, ಒಂದೊಂದು ಚೌಕಟ್ಟಿಗೂ ಕೂದಲೆಳೆಯಷ್ಟು ಸರಿಸಿ, ಮೇಲಿನಿಂದ ಕ್ಯಾಮೆರಾದಲ್ಲಿ ಹಿಡಿದದ್ದು. ಮೂರು ವರ್ಷದ ಕೆಲಸ. ನಮ್ಮ ತೊಗಲುಗೊಂಬೆಯಾಟದಲ್ಲಿ ಬಣ್ಣ ಗೊಂಬೆಯಲ್ಲಿರುತ್ತದೆ, ಇಲ್ಲಿ ಗೊಂಬೆ ಪೂರ್ತಿ ಕಪ್ಪು, ಬಣ್ಣವೆಲ್ಲ ಹಿನ್ನೆಲೆಗೆ. ಮಾಂತ್ರಿಕನನ್ನು ಆಫ್ರಿಕಾದವನೆಂದು ವಿಕಾರವಾಗಿ ತೋರಿಸಿರುವ ಬಗ್ಗೆ ಮಕ್ಕಳಿಗೆ ಎರಡು ಮಾತು ಹೇಳಿ. ಡಗ್ಲಾಸ್ ಫೇರ್‌ಬ್ಯಾಂಕ್ಸ್‌ನ ‘ದಿ ಥೀಫ್ ಆಫ್ ಬಾಗ್ದಾದ್’ಗೂ (1924) ಅದೇ ಎಚ್ಚರಿಕೆ, ಅಲ್ಲಿ ಖಳ ಮಂಗೋಲ ರಾಜಕುಮಾರ. ಆದರೆ ಕ್ರೇನಿಗೆ ತಂತಿ ಕಟ್ಟಿ ನಿಜವಾಗಿಯೂ ಜನರ ತಲೆಯ ಮೇಲೆ ಹಾರಿಸಿದ ಆ ಜಮಖಾನೆಯ ಮುಂದೆ ಈಗಿನ ಕಂಪ್ಯೂಟರ್ ಹಾರಾಟಗಳು ಸಪ್ಪೆ.

‘ಸ್ಟಾರ್ ವಾರ್ಸ್’ನ ಚಿನ್ನದ ರೋಬೋಟ್ ಸಿ-3ಪಿಒ ಇಷ್ಟವಾದರೆ ‘ಮೆಟ್ರೊಪೊಲಿಸ್’ನ ಯಂತ್ರಮಾನವಿಯನ್ನು ನೋಡಿ, ಅವನ ಅಜ್ಜಿ ಸಿಗುತ್ತಾಳೆ. ‘ಬಾಹುಬಲಿ’ಯ ಆನೆ, ಅರಮನೆ, ಜನಜಂಗುಳಿ ಬೇಕೆಂದರೆ ಹಿಮಾಂಶು ರಾಯ್ ನಿರ್ಮಿಸಿ ನಟಿಸಿ, ಫ್ರಾಂಜ್ ಓಸ್ಟೆನ್ ನಿರ್ದೇಶಿಸಿದ ‘ಪ್ರಪಂಚ ಪಾಶ’ (1929) ಇದೆ, ಒಂದೂಕಾಲು ಗಂಟೆ. ಇಬ್ಬರು ರಾಜರು, ಒಬ್ಬಳು ಹುಡುಗಿ, ಮೋಸದ ಪಗಡೆ. ಜೂಜಿನ ದೃಶ್ಯಕ್ಕೆ ಶೀರ್ಷಿಕೆ ಓದುವ ಅಗತ್ಯವೇ ಬೀಳದು, ಶಕುನಿಯನ್ನು ಬಲ್ಲವರು ನಾವು. ಚಿಕ್ಕ ಮಕ್ಕಳಿಗಾದರೆ ಫಾಲ್ಕೆಯವರ ‘ಕಾಳಿಯ ಮರ್ದನ’ (1919), ಕೃಷ್ಣನ ಪಾತ್ರ ಅವರ ಮಗಳು ಮಂದಾಕಿನಿಯದು. ಭಾರತದಲ್ಲಿ ಸಾವಿರಕ್ಕೂ ಮಿಕ್ಕಿ ಮೂಕಿಗಳು ತಯಾರಾದವು, ಉಳಿದವು ಬೆರಳೆಣಿಕೆ. ಬೆಂಕಿ ಸುಲಭವಾಗಿ ಹಿಡಿಯುವ ನೈಟ್ರೇಟ್ ಫಿಲ್ಮು ಒಂದು ಕಾರಣ, ಬೆಳ್ಳಿ ತೆಗೆಯಲು ಫಿಲ್ಮನ್ನೇ ಕರಗಿಸಿದ್ದು ಇನ್ನೊಂದು.

ಬೆನ್ನಟ್ಟುವ ಚಿತ್ರಗಳ ಹುಚ್ಚಿದ್ದವರಿಗೆ ಕೀಟನ್‌ನ ‘ದಿ ಜನರಲ್’ (1926). ರೈಲು ಹೋಗುತ್ತದೆ, ರೈಲು ಬರುತ್ತದೆ, ಅಷ್ಟೇ ಕಥೆ. ಹೊಳೆಗೆ ಬೀಳುವುದು ನಿಜವಾದ ಎಂಜಿನ್, ಒಂದೇ ಟೇಕ್.

ಅಡಕೆ ಸುಲಿಯುವ ರಾತ್ರಿ

ಈಗ ಕಿವಿಯ ಪಾಳಿ. ಮಳೆ ನಿಂತಿದೆ, ಅಂಗಳದಲ್ಲಿ ಗೊನೆ ರಾಶಿ ಬಿದ್ದಿದೆ, ಸುಲಿಯುವವರು ಸಾಲಾಗಿ ಕೂತಿದ್ದಾರೆ. ಇಲ್ಲಿ ಮೂಕಿ, ‘ಪುಷ್ಪಕ ವಿಮಾನ’, ಸಬ್‌ಟೈಟಲ್ ಬೇಡುವ ಯಾವುದೂ ನಡೆಯದು. ಇಂಗ್ಲಿಷ್ ಸರಣಿಗಳನ್ನು ಹಾಕುವುದಾದರೆ ಆಡಿಯೊ ಆಯ್ಕೆಯಲ್ಲಿ ಕನ್ನಡವಿದೆಯೇ ಎಂದು ಮೊದಲೇ ನೋಡಿ. ಇಲ್ಲದಿದ್ದರೆ ಬಿಟ್ಟುಬಿಡಿ, ಕತ್ತಿಕಾಳಗದ ಖಣಖಣ ಮಾತ್ರ ಕೇಳಿಸಿಕೊಂಡು ಯಾರಿಗೂ ಏನೂ ಆಗಬೇಕಿಲ್ಲ. ಹುಣಸೂರು ಕೃಷ್ಣಮೂರ್ತಿಯವರ ‘ಬಭ್ರುವಾಹನ’ (1977) ಈ ಹೊತ್ತಿಗೆ ಹೇಳಿ ಮಾಡಿಸಿದಂತಿದೆ. ರಾಜಕುಮಾರ್ ಅರ್ಜುನನೂ ಹೌದು, ಬಭ್ರುವಾಹನನೂ ಹೌದು. ಪರದೆ ನೋಡದಿದ್ದರೂ ದನಿಯಲ್ಲೇ ಯಾರು ಅಪ್ಪ, ಯಾರು ಮಗ ಎಂದು ತಿಳಿಯುತ್ತದೆ. ಇಂಥ ಪೌರಾಣಿಕಗಳು ನಾಟಕದ ಮನೆಯಿಂದ ಬಂದವು, ಮಾತಿನ ಮೇಲೆ ನಿಂತಿರುತ್ತವೆ. ‘ಮಾಯಾಬಜಾರ್’ (1957) ತೆಲುಗಿನಲ್ಲೇ ಓಡಿದರೂ ಕಥೆ ಗೊತ್ತಿದ್ದವರಿಗೆ ಹಾಡಿನ ದಾರಿ ಸಾಕು. ಗೊನೆ ಖಾಲಿಯಾಗಿ ಎಲ್ಲರೂ ಕಷಾಯಕ್ಕೆ ಎದ್ದಾಗ ಘಟೋತ್ಕಚನ ದೃಶ್ಯ ಬರುವಂತೆ ಹೊಂದಿಸಿಕೊಂಡರೆ ಅದೃಷ್ಟ.

ಪರದೆ, ರಿಮೋಟು, ಓದುವವರು

43 ಇಂಚಿನ ಟಿ.ವಿ. 95 ಸೆಂ.ಮೀ. ಅಗಲ, 53.5 ಸೆಂ.ಮೀ. ಎತ್ತರ. ‘ಲಾರ್ಡ್ ಆಫ್ ದಿ ರಿಂಗ್ಸ್’ನಂಥ ಅಗಲದ ಚಿತ್ರ ಅದರಲ್ಲಿ 40 ಸೆಂ.ಮೀ. ಎತ್ತರ ಮಾತ್ರ ತುಂಬುತ್ತದೆ, ಮೇಲೆ ಕೆಳಗೆ ಕಪ್ಪು ಪಟ್ಟಿ. ಮೂಕಿಯ ಚೌಕ ಚಿತ್ರ 71 ಸೆಂ.ಮೀ. ಅಗಲಕ್ಕೆ ನಿಲ್ಲುತ್ತದೆ, ಪಟ್ಟಿ ಎರಡು ಪಕ್ಕದಲ್ಲಿ. ಗುಣಿಸಿ ನೋಡಿ, ಎರಡರ ವಿಸ್ತೀರ್ಣವೂ ಹೆಚ್ಚುಕಡಿಮೆ ಒಂದೇ. ಆದ್ದರಿಂದ ‘ಪೂರ್ತಿ ಪರದೆ’ ಗುಂಡಿ ಒತ್ತಿ ಚಾಪ್ಲಿನ್‌ನನ್ನು ಕುಂಬಳಕಾಯಿ ಮಾಡಬೇಡಿ. ಜೂಮ್ ಮಾಡಿದರೆ ಇನ್ನೂ ಕೆಟ್ಟದ್ದು, ಲಾಯ್ಡ್ ನೇತಾಡುವ ಗಡಿಯಾರವೋ ಕೆಳಗಿನ ಬೀದಿಯೋ, ಒಂದು ಕತ್ತರಿಸಿಹೋಗುತ್ತದೆ. ಟಿ.ವಿ.ಯ ಚಿತ್ರ ಸೆಟ್ಟಿಂಗಿನಲ್ಲಿ ಚಲನೆಯನ್ನು ನುಣುಪುಮಾಡುವ ‘ಮೋಷನ್’ ಆಯ್ಕೆಯನ್ನು ಆಫ್ ಮಾಡಿ. ಇಲ್ಲದ ಚೌಕಟ್ಟುಗಳನ್ನು ಅದು ತಾನೇ ಸೃಷ್ಟಿಸಿ ನಡುವೆ ತುರುಕುತ್ತದೆ, ಫ್ಯಾಂಟಸಿ ಧಾರಾವಾಹಿಯಂತೆ ಕಾಣುತ್ತದೆ, ಮೂಕಿಯಲ್ಲಿ ಕೈಕಾಲಿನ ಸುತ್ತ ನೆರಳು ಮೂಡುತ್ತದೆ. ಯುದ್ಧದ ಸದ್ದಿಗೆ ಮಗು ಎದ್ದು, ಪಿಸುಮಾತಿಗೆ ಅಜ್ಜಿ ‘ಏನಂದ?’ ಎನ್ನುತ್ತಿದ್ದರೆ ಆಡಿಯೊದಲ್ಲಿ ‘ನೈಟ್ ಮೋಡ್’ ಹುಡುಕಿ.

ಪ್ರೊಜೆಕ್ಟರ್ ಇಟ್ಟುಕೊಂಡವರಿಗೆ ಮಲೆನಾಡಿನಲ್ಲಿ ಶತ್ರು ಥಂಡಿ. ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹಿಡಿದರೆ ಎಷ್ಟು ಒರೆಸಿದರೂ ಹೋಗದು. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್, ವಾರಕ್ಕೊಮ್ಮೆ ಅರ್ಧ ಗಂಟೆ ಚಾಲೂ. ಥ್ರೋ ಅನುಪಾತ (ಗೋಡೆಯ ದೂರ ಚಿತ್ರದ ಅಗಲದ ಎಷ್ಟು ಪಟ್ಟು ಎಂಬುದು) 1.5 ಎಂದಿದ್ದರೆ ಎರಡು ಮೀಟರ್ ಅಗಲದ ಚಿತ್ರಕ್ಕೆ ಮೂರು ಮೀಟರ್ ದೂರ ಬೇಕು, ಜಗಲಿ ಅಳೆದು ಕೊಳ್ಳಿ.

ಮೂಕಿಯ ಇಂಗ್ಲಿಷ್ ಫಲಕಗಳ ತೊಡಕಿಗೆ ನಮ್ಮಲ್ಲೇ ಪರಿಹಾರವಿದೆ. ಮೂಕಿಯ ಕಾಲದಲ್ಲಿ ಜಪಾನಿನಲ್ಲಿ ಪರದೆಯ ಪಕ್ಕ ನಿಂತು ಕಥೆ ಹೇಳುವ ಬೆಂಶಿಗಳಿದ್ದರು, ಚಿತ್ರಕ್ಕಿಂತ ಅವರಿಗೇ ಹೆಸರು. ಮಳೆಗಾಲದಲ್ಲಿ ಮೇಳದ ವೇಷ ಪೆಟ್ಟಿಗೆ ಸೇರಿದ ಮೇಲೆ ಮನೆಯೊಳಗೆ ತಾಳಮದ್ದಳೆ ಕೂರಿಸುವ ಸೀಮೆ ನಮ್ಮದು. ವೇಷವಿಲ್ಲದೆ ಮಾತಿನಲ್ಲೇ ರಾವಣನನ್ನು ನಿಲ್ಲಿಸಬಲ್ಲ ಅರ್ಥಧಾರಿಗೆ ಮಾತಿಲ್ಲದ ವೇಷಕ್ಕೆ ಅರ್ಥ ಹೇಳುವುದು ಯಾವ ಲೆಕ್ಕ? ಸಾಗರದ ಹೆಗ್ಗೋಡಿನಲ್ಲಿ ನೀನಾಸಮ್‌ನವರು ಎಪ್ಪತ್ತರ ದಶಕದಿಂದ ಚಿತ್ರಸಮಾಜ ಕಟ್ಟಿ ಹಳ್ಳಿಯವರಿಗೆ ಜಗತ್ತಿನ ಸಿನಿಮಾ ತೋರಿಸಿದ ಊರಿದು, ಭಾಷೆ ಬಾರದ ಚಿತ್ರ ಎಂದು ಹೆದರುವ ಅಗತ್ಯವಿಲ್ಲ.

ಕ್ರಮ ಹೀಗಿರಲಿ. ಓದುವವರು ಚಿತ್ರವನ್ನು ಮೊದಲೇ ಒಮ್ಮೆ ನೋಡಿರಬೇಕು. ಫಲಕ ಬಂದಾಗ ಒಂದೇ ವಾಕ್ಯ, ಪದಶಃ ಅನುವಾದ ಬೇಡ, ನಮ್ಮ ಮಾತಿನಲ್ಲಿ ಹೇಳಿದರಾಯಿತು. ನಟ ತುಟಿ ಆಡಿಸಿದಾಗೆಲ್ಲ ಬಾಯಿ ಹಾಕಬಾರದು, ಮುಖ ಹೇಳುವುದನ್ನು ಮುಖಕ್ಕೇ ಬಿಡಬೇಕು. ರಿಮೋಟು ಓದುವವರ ಕೈಯಲ್ಲಿ ಇರದೆ ಇನ್ನೊಬ್ಬರ ಹತ್ತಿರ ಇರಲಿ, ಉದ್ದದ ಪತ್ರವೋ ದಿನಚರಿಯ ಪುಟವೋ ಬಂದಾಗ ನಿಲ್ಲಿಸಲು. ‘ನೊಸ್ಫೆರಾಟು’ವಿನಲ್ಲಿ ಇಂಥ ಪುಟಗಳು ಬಹಳ. ಹಲಸಿನ ಹಪ್ಪಳ ಎಷ್ಟು ಬೇಕಾದರೂ ಕರಿಯಿರಿ, ಕರಕರ ಶಬ್ದಕ್ಕೆ ಮೂಕಿಯಲ್ಲಿ ಯಾರೂ ಆಕ್ಷೇಪ ಮಾಡುವುದಿಲ್ಲ.